ಹೇಳಿದವರು: ಸ್ವತಃ

ಗಾಜಿನ ಅಡಿಯಲ್ಲಿ ಅರ್ಧಚಂದ್ರದ ಆಕಾರಕ್ಕೆ ಕೊರೆದ ಒಂದು ಕಂಡಿ. ಅದರೊಳಗಿಂದ ದಿನಕ್ಕೆ ಇನ್ನೂರು, ಇನ್ನೂರೈವತ್ತು ಕೈಗಳು ಒಳಬಂದು ಚೀಟಿ ಹಿಡಿದುಕೊಂಡು ಹೊರಹೋಗುತ್ತವೆ. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಅಪಘಾತ ವಿಭಾಗದ ಚೀಟಿ ಕೌಂಟರಿನಲ್ಲಿ ಕೂತ ಅವನಿಗೆ ಜನ ಎಂದರೆ ಈ ಕೈಗಳೇ. ಮುಖ ನೋಡುವ ಅಭ್ಯಾಸ ಇಟ್ಟುಕೊಂಡಿಲ್ಲ. ನೋಡಿದರೆ ಮುಖಗಳು ಮಾತು ಶುರುಮಾಡುತ್ತವೆ, ಹೊತ್ತಾಗುತ್ತದೆ. ಹೆಸರು, ವಯಸ್ಸು, ಮನೆ, ಕಾರಣ, ಹೇಳಿದವರು. ಚೀಟಿಯಲ್ಲಿ ಇರುವುದು ಐದೇ ಕಾಲಂ. ಮೊದಲ ಮೂರನ್ನು ಕೇಳಲೇಬೇಕು. ಕಡೆಯ ಎರಡನ್ನು ಕೇಳುವುದು ಬಿಟ್ಟು ಯಾವ ಕಾಲವಾಯಿತೋ ಅವನಿಗೇ ನೆನಪಿಲ್ಲ. ಗಂಡಸರಾದರೆ ಗಾಡಿ, ಯಂತ್ರ, ಜಗಳ, ಏನಾದರೂ ಒಂದನ್ನು ಅವರೇ ಕೂಗಿ ಹೇಳುತ್ತಾರೆ. ಹೆಂಗಸರಾದರೆ, ಪಕ್ಕದಲ್ಲಿ ಒಬ್ಬ ಗಂಡಸು ನಿಂತಿದ್ದರೆ, ಬರೆಯಬೇಕಾದ್ದು ಎರಡರಲ್ಲಿ ಒಂದು: ಬಚ್ಚಲಲ್ಲಿ ಜಾರಿ ಬಿದ್ದದ್ದು, ಇಲ್ಲವೇ ಮೆಟ್ಟಿಲಿಂದ ಬಿದ್ದದ್ದು. ಅಷ್ಟುದ್ದ ಬರೆಯುವ ಗೋಜೇಕೆಂದು ಅವನು ಅವನ್ನು ಜಾ.ಬಿ., ಮೆ.ಬಿ. ಎಂದು ಮೊಟಕು ಮಾಡಿದ್ದ. ಹೇಳಿದವರು ಎಂಬಲ್ಲಿ ‘ಸ್ವತಃ’ ಎಂದು ಗೀಚಿದರೆ ಮುಗಿಯಿತು. ಅವನ ಸಾಲು ಸರಸರನೆ ಸರಿಯುತ್ತಿತ್ತು. ಆಸ್ಪತ್ರೆಯವರು ಅವನಿಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದರು, ಆ ಹೆಸರು ಅವನಿಗೆ ಒಳಗೊಳಗೇ ಖುಷಿ ಕೊಡುತ್ತಿತ್ತು. ಪಕ್ಕದ ಕಿಟಕಿಯಲ್ಲಿ ಕೂರುವ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಹೆಂಗಸಿಗೆ ನಿಧಾನದಮ್ಮ ಎಂದು ಹೆಸರಿಟ್ಟವನು ಅವನೇ.

ಆ ಬುಧವಾರ ಹತ್ತೂವರೆಯ ಸುಮಾರಿಗೆ, ಪೆನ್ನಿನ ರೀಫಿಲ್ ಬದಲಿಸಲೆಂದು ತಲೆ ಎತ್ತಿದಾಗ ಅಕ್ಕ ಕಂಡಳು. ಅವನ ಸಾಲಿನಲ್ಲಲ್ಲ, ನಿಧಾನದಮ್ಮನ ಸಾಲಿನಲ್ಲಿ. ತನ್ನ ಕಿಟಕಿಯ ಮುಂದೆ ನಾಲ್ಕು ಜನ, ಅಲ್ಲಿ ಹದಿನಾಲ್ಕು. ಅಕ್ಕ ಹನ್ನೆರಡನೆಯವಳು. ತಲೆಗೆ ಸುತ್ತಿದ ಬಟ್ಟೆ ಎಡಗಿವಿಯನ್ನು ಮುಚ್ಚಿತ್ತು. ಎದೆಗೆ ಒಂದು ಪ್ಲಾಸ್ಟಿಕ್ ಫೈಲನ್ನು ಅವುಚಿಕೊಂಡು, ಮುಂದಿನವರ ಬೆನ್ನನ್ನೇ ನೋಡುತ್ತ ನಿಂತಿದ್ದಳು. ನಾಲ್ಕು ವರ್ಷದಲ್ಲಿ ಅವಳು ಇಷ್ಟು ಕುಗ್ಗಿದ್ದಾಳೆಯೇ, ಅಥವಾ ಇಲ್ಲಿ ಸಾಲಿನಲ್ಲಿ ನಿಂತವರೆಲ್ಲ ಹೀಗೇ ಕಾಣುತ್ತಾರೆಯೇ ಎಂದು ಅವನಿಗೆ ತಿಳಿಯಲಿಲ್ಲ. ಅವನು ಕಂಡಿಗೆ ಬಾಯಿ ಹಚ್ಚಿ ಕರೆದ. “ಅಕ್ಕ, ಈ ಕಡೆ ಬಾ.” ಅವಳು ತಿರುಗಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ. ಅವನ ಎದುರಿಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಮುದುಕ, “ನನ್ನನ್ನಾ ಸ್ವಾಮಿ ಅಕ್ಕ ಅಂತಿರೋದು?” ಎಂದ. ಹಿಂದಿನವರು ನಕ್ಕರು. ಅವಳ ಆ ಕಿವಿ ಈಗ ಕೇಳಿಸುತ್ತಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ. ಮುದುಕನ ಚೀಟಿಯಲ್ಲಿ ವಯಸ್ಸಿನ ಜಾಗಕ್ಕೆ ಅವನು ಹೆಸರು ಬರೆದುಬಿಟ್ಟ, ಹೊಡೆದುಹಾಕಿ ಹೊಸ ಚೀಟಿ ತೆಗೆದ. ಆಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಿಧಾನದಮ್ಮನ ಸಾಲಿನಲ್ಲಿದ್ದ ಹದಿನಾಲ್ಕು ಜನರಲ್ಲಿ ಹತ್ತು ಜನ ಹೆಂಗಸರು. ಹನ್ನೊಂದು ವರ್ಷವೂ ಹಾಗೇ ಇದ್ದಿರಬೇಕು. ಹೆಂಗಸರಿಗೆ ಹರಟೆ ಬೇಕು, ಅದಕ್ಕೆ ಅಲ್ಲಿ ಹೋಗಿ ಸಾಯುತ್ತಾರೆ ಎಂದು ಅವನು ಅಂದುಕೊಂಡಿದ್ದ.

ನಿನ್ನೆ ಮಧ್ಯಾಹ್ನ ಚಿಕ್ಕಮ್ಮನ ಫೋನು ಬಂದಿತ್ತು. “ನಿನ್ನಕ್ಕ ನಮ್ಮನೆಗೆ ಬಂದು ಎಂಟು ದಿನ ಆಯ್ತು ಕಣೋ. ನಿನಗೆ ಹೇಳಬೇಡ ಅಂದಿದ್ದಳು, ನನಗೆ ಮನಸ್ಸು ತಡೀಲಿಲ್ಲ. ಮೊನ್ನೆ ಮಾತುಕತೆಗೆ ಕೂತಾಗ ನಿನ್ನ ಭಾವನ ಕಡೆ ವಕೀಲ ಒಂದು ಕಾಗದ ತೋರಿಸಿದನಂತೆ. ನಾಲ್ಕು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದೆ ಅಂತ ಇವಳೇ ಬಾಯಿಬಿಟ್ಟು ಹೇಳಿದ್ದಾಳೆ, ಈಗ ಹೊಡೆದ ಅಂತ ಸುಳ್ಳು ಕಟ್ಟುತ್ತಿದ್ದಾಳೆ ಅಂತ. ನಿಮ್ಮಾಸ್ಪತ್ರೆ ಚೀಟಿ. ನಿನ್ನ ಕೈಬರಹ.” ಅವನು “ಹೌದಾ” ಎಂದ. ಆಮೇಲೆ “ನೋಡ್ತೀನಿ” ಎಂದ. ಏನು ನೋಡುವುದು ಎಂದು ಚಿಕ್ಕಮ್ಮ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಾಲ್ಕು ವರ್ಷದ ಹಿಂದಿನ ಆ ದಿನವೂ ಹೀಗೇ ಬೆಳಗಿನ ಹೊತ್ತು. ಸಾಲು ಬಾಗಿಲಾಚೆ ಬೆಳೆದಿತ್ತು, ಅವನು ಮಿಂಚಿನ ಹಾಗೆ ಬರೆಯುತ್ತಿದ್ದ. “ನೀನಿದ್ದೀಯಲ್ಲ, ಸದ್ಯ” ಎಂಬ ದನಿ ಕೇಳಿ ನೋಡಿದರೆ ಭಾವ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಬೆವರೊರೆಸಿಕೊಳ್ಳುತ್ತ, ಸಂಕೋಚದ ನಗೆ ನಗುತ್ತ. ಪಕ್ಕದಲ್ಲಿ ಅಕ್ಕ, ಕಿವಿಗೆ ಟವೆಲ್ಲು ಒತ್ತಿಕೊಂಡು. “ಬೇಗ ಒಂದು ಚೀಟಿ ಮಾಡಪ್ಪ, ಪಾಪ, ತುಂಬ ನೋವಂತೆ ಅವಳಿಗೆ.” ಭಾವ ಕೆಟ್ಟವನೆಂದು ಹೇಳುವವರು ಯಾರೂ ಇರಲಿಲ್ಲ, ತಾನಂತೂ ಹಾಗೆ ಅಂದವನೇ ಅಲ್ಲ. ಈ ಕೆಲಸದ ಸಂದರ್ಶನಕ್ಕೆ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು, ಇದೇ ಕಾರಿಡಾರಿನ ಬೆಂಚಿನ ಮೇಲೆ ಬೆಳಗ್ಗಿಂದ ಸಂಜೆವರೆಗೆ ಕಾದು ಕೂತದ್ದು ಭಾವ. ಕೆಲಸ ಸಿಕ್ಕಿತೆಂದಾಗ ಅಪ್ಪಿಕೊಂಡದ್ದು ಭಾವ. ಆ ದಿನ ಸಂಜೆ ಅವರ ಮನೆಗೆ ಹೋದಾಗ, ಸ್ಕೂಟರನ್ನು ಬೀದಿಯಿಂದ ಸೀದಾ ಪಡಸಾಲೆಯೊಳಕ್ಕೆ ಉರುಳಿಸಿಕೊಂಡು ಬಂದು, “ಬಂದ ನೋಡೇ ನಿನ್ನ ಆಫೀಸರು” ಎಂದು ಕೂಗಿದ್ದ. ಅಕ್ಕ ಅಡುಗೆಮನೆಯಿಂದ ಓಡಿ ಬಂದಿದ್ದಳು. ಅವಳ ಕೆನ್ನೆಯ ಮೇಲೆ ಆಗಲೂ ಏನಾದರೂ ಇತ್ತೇ? ಎಷ್ಟು ಸಲ ನೆನೆದರೂ ಆ ಕೆನ್ನೆ ಮಾತ್ರ ಕಾಣುವುದಿಲ್ಲ. ಸ್ಕೂಟರಿನ ಚಕ್ರ ನೆಲದ ಮೇಲೆ ಬಿಟ್ಟ ಕೆಸರಿನ ಗೆರೆ ಕಾಣುತ್ತದೆ, ಅದನ್ನು ಒರೆಸುತ್ತಿರುವ ಕೈ ಕಾಣುತ್ತದೆ.

ಕಿಟಕಿಯಲ್ಲಿ ಅಕ್ಕ ಏನೋ ಹೇಳಲಿಕ್ಕೆ ಬಾಯಿ ತೆರೆದಳು. ಹಿಂದೆ ಸಾಲು ಗೊಣಗುತ್ತಿತ್ತು, ಪಕ್ಕದಲ್ಲಿ ನಿಧಾನದಮ್ಮ ಕತ್ತು ಚಾಚಿ ನೋಡುತ್ತಿದ್ದಳು. ಅಕ್ಕ ಇಲ್ಲಿ, ನನ್ನ ಆಫೀಸಿನಲ್ಲಿ, ಎಲ್ಲರ ಮುಂದೆ ಏನಾದರೂ ಅಂದುಬಿಟ್ಟರೆ ಎಂದು ಅವನು ಹೆದರಿದ. ಹೆದರಿದ್ದು ಅಕ್ಕನಿಗಾಗಿ ಅಲ್ಲ. ಅದನ್ನು ಅವನು ಈಗ ಒಪ್ಪಿಕೊಳ್ಳಬಲ್ಲ. ಕೈ ತಾನಾಗಿ ಓಡಿತು. ಬಚ್ಚಲಲ್ಲಿ ಜಾರಿದ್ದು ಎಂದು ಬರೆಯಲು ಮನಸ್ಸು ಬರಲಿಲ್ಲ. ಒಡಹುಟ್ಟಿದವಳು, ಬೀಳುವುದಾದರೂ ಸ್ವಲ್ಪ ಮರ್ಯಾದೆಯಿಂದ ಬೀಳಲಿ ಎಂದು ಅವಳಿಗೆ ಮೆಟ್ಟಿಲು ಕೊಟ್ಟ. ಮೊಟಕು ಮಾಡದೆ ಪೂರ್ತಿ ಬರೆದ, ಅದೂ ಮರ್ಯಾದೆಗೇ. ಮೆಟ್ಟಿಲಿಂದ ಬಿದ್ದದ್ದು. ಹೇಳಿದವರು: ಸ್ವತಃ. ಆಗ ಕಂಡಿಯೊಳಗಿಂದ ಅಕ್ಕನ ಕೈ ಬಂತು. ಅಂಗೈ ಮೇಲಾಗಿ, ಬೆರಳು ಬಿಡಿಸಿಕೊಂಡು, ಮಣಿಕಟ್ಟಿನವರೆಗೂ ಒಳಕ್ಕೆ. ಹೆಬ್ಬೆರಳಿನ ಉಗುರು ಅರ್ಧ ಕಿತ್ತುಹೋಗಿತ್ತು. ಅದೇ ಕೈ ಚಿಕ್ಕಂದಿನಲ್ಲಿ ಅವನ ಕೈಯನ್ನು ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿತ್ತು. ಅವನು ಆ ಕೈಯಲ್ಲಿ ಚೀಟಿ ಇಟ್ಟ. ಕೈ ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಮಡಚಿಕೊಂಡು ಹೊರಹೋಯಿತು. ಚೀಟಿಯಲ್ಲಿದ್ದದ್ದನ್ನು ಡಾಕ್ಟರು ತಮ್ಮ ಕಾಗದಕ್ಕೆ ಇಳಿಸಿದರು, ಚೀಟಿ ದಾಖಲೆಗೆ ಹೋಯಿತು, ನಕಲು ಭಾವನ ಕೈ ಸೇರಿತು. ಅವಳು ಚಾಚಿದ್ದು ಚೀಟಿಗಾಗಿಯೇ ಎಂದು ಅವನು ನಾಲ್ಕು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾನೆ. ಊಟಕ್ಕೆ ಕೂತಾಗ, ಬಸ್ಸಿನ ಕಂಬಿ ಹಿಡಿದಾಗ, ಅದನ್ನೇ. ಆದರೂ ಯಾವ ಹೆಂಗಸಿನ ಕೈ ಕಂಡಿಯೊಳಗೆ ಬಂದರೂ ಮೊದಲು ಅದರ ಹೆಬ್ಬೆರಳನ್ನೇ ನೋಡುತ್ತಾನೆ.

ಮೂರು ತಿಂಗಳ ಹಿಂದೆ ಒಬ್ಬ ಹೊಸ ಸಿಸ್ಟರ್ ಬಂದಳು. ಬಂದವಳೇ ಹಾಸಿಗೆ ಬಟ್ಟೆ ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಏಟು ತಿಂದು ಬಂದ ಹೆಂಗಸರ ಜೊತೆ ಮಾತಾಡಲೆಂದು ಎರಡು ಕುರ್ಚಿ ಹಾಕಿಸಿದಳು. ಬಾಗಿಲ ಹತ್ತಿರದ ಕುರ್ಚಿ ಬಂದವರಿಗೆ, ಎದ್ದು ಹೋಗಬೇಕೆನ್ನಿಸಿದರೆ ಅವರು ಯಾರನ್ನೂ ದಾಟಿಕೊಂಡು ಹೋಗಬಾರದು ಎಂದಳು. ಒಂದು ಶನಿವಾರ ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದಳು. ಒಬ್ಬರೇ ಇದ್ದಾಗ ಕೇಳಿ. ಕೇಳಿ ಸುಮ್ಮನಿರಿ, ಉತ್ತರಕ್ಕೆ ಕಾಯಿರಿ. ಇಷ್ಟು ದಿನ ಯಾಕೆ ಸಹಿಸಿಕೊಂಡೆ ಅಂತ ಕೇಳಬೇಡಿ. ಅವರ ಮಾತನ್ನು ಅವರ ಮಾತಲ್ಲೇ ಬರೀರಿ. ಮನೆಗೆ ಫೋನ್ ಮಾಡೋಕೆ ಮುಂಚೆ, ಅದನ್ನ ಎತ್ತೋರು ಯಾರು ಅಂತ ತಿಳ್ಕೊಳ್ಳಿ. ಮುಂದೇನು ಮಾಡಬೇಕು ಅನ್ನೋದು ಅವರು ಹೇಳಬೇಕು, ನೀವಲ್ಲ. ಆಮೇಲೆ ಹಳೇ ಚೀಟಿಗಳ ಒಂದು ಕಟ್ಟನ್ನು ಎತ್ತಿ ತೋರಿಸಿದಳು. “ಒಂದು ವರ್ಷದಲ್ಲಿ ನೂರ ಹನ್ನೆರಡು ಹೆಂಗಸರು ಜಾ.ಬಿ. ಈ ಊರಿನ ಗಂಡಸರು ಸ್ನಾನಾನೇ ಮಾಡಲ್ವಾ?” ಎಲ್ಲರೂ ನಕ್ಕರು, ನಗುತ್ತ ಅವನ ಕಡೆ ತಿರುಗಿದರು. ಅವನೂ ನಕ್ಕ. ಅಂಥ ಹೊತ್ತಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುವುದನ್ನು ಅವನು ಎಂದೋ ಕಲಿತಿದ್ದ. ಸಿಸ್ಟರ್ ಒಬ್ಬಳು ಮಾತ್ರ ನಗಲಿಲ್ಲ. ಮರುದಿನ ‘ಜೊತೆಗೆ ಬಂದವರು ಹೊರಗೆ ಕೂರಬೇಕು’ ಎಂಬ ನೋಟಿಸನ್ನು ಟೈಪು ಮಾಡಿ ಆ ಬಾಗಿಲಿಗೆ ಅಂಟಿಸಿದವನು ಅವನೇ. ಅಂಟಿನ ಮೇಲೆ ಅಂಗೈ ಒತ್ತಿ ಉಜ್ಜುತ್ತ, ಇದೆಲ್ಲ ಯಾರೋ ಬೇರೆಯವರ ಬಗ್ಗೆ ಎಂದುಕೊಂಡಿದ್ದ.

ಅಕ್ಕನ ಮುಂದೆ ಇನ್ನು ಐದು ಜನ. ಅವನು ಕಿಟಕಿಗೆ ‘ಮುಚ್ಚಿದೆ’ ಹಲಗೆ ಇಟ್ಟು ಎದ್ದ. ಹಿಂದಿನಿಂದ ಯಾರೋ ಬೈದರು. ದಾಖಲೆ ಕೋಣೆ ನೆಲಮಾಳಿಗೆಯಲ್ಲಿ. ಯಾವ ಕಪಾಟು, ಯಾವ ಕಟ್ಟು ಎಂದು ಅವನಿಗೆ ಕಣ್ಣು ಮುಚ್ಚಿಯೂ ಗೊತ್ತು. ವರ್ಷಕ್ಕೆ ಒಂದೆರಡು ಸಲ ಬಂದು ಅಕ್ಕನ ಚೀಟಿ ಅಲ್ಲೇ ಇದೆಯೇ ಎಂದು ನೋಡಿ ಹೋಗುತ್ತಿದ್ದ. ಇತ್ತು. ಅಂಚು ಹಳದಿಯಾಗಿತ್ತು, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ವಕೀಲನ ಬಳಿ ಇರುವುದು ಇದರ ನಕಲು. ಮೂಲವನ್ನು ಹರಿದುಹಾಕಿದರೆ? ‘ಸ್ವತಃ’ ಎಂಬುದರ ಮೇಲೆ ಗೆರೆ ಎಳೆದು ‘ಗಂಡ’ ಎಂದು ಬರೆದರೆ? ಪೆನ್ನು ತೆಗೆದ. ಹೊಸ ರೀಫಿಲ್ಲಿನ ಶಾಯಿ ಗಾಢವಾಗಿ ಇಳಿಯುತ್ತದೆ, ಕುರುಡನಿಗೂ ಗೊತ್ತಾಗುತ್ತದೆ ಎಂಬುದು ಮೊದಲು ಹೊಳೆದದ್ದು. ಅದು ಹೊಳೆದದ್ದಕ್ಕೆ ನಾಚಿಕೆಯಾಯಿತು. ಮತ್ತೆ ಹೊಳೆದದ್ದು, ಈಗ ತಿದ್ದಿದರೂ ಅದು ಅಕ್ಕನನ್ನು ಕೇಳದೆ ಬರೆದದ್ದೇ ಆಗುತ್ತದೆ ಎಂಬುದು. ಉಳಿದದ್ದು ಒಂದೇ ದಾರಿ: ಆ ದಿನ ಯಾರೂ ಏನೂ ಹೇಳಲಿಲ್ಲ ಎಂದು ತಾನು ಹೇಳುವುದು. ಹೇಳಿದರೆ ವಿಚಾರಣೆ. ಈ ಒಂದು ಚೀಟಿ ಹೀಗಾದರೆ ಮಿಕ್ಕವು ಹೇಗೆ ಎಂದು ಕೇಳುತ್ತಾರೆ. ನೂರ ಹನ್ನೆರಡು, ಅದೂ ಒಂದೇ ವರ್ಷದ್ದು. ಆ ಕಪಾಟಿನ ತುಂಬ ಕಟ್ಟುಗಳಿದ್ದವು. ಪ್ರತಿಯೊಂದರಲ್ಲೂ ತನ್ನ ಮುದ್ದಾದ ಅಕ್ಷರದಲ್ಲಿ ಹೆಂಗಸರು ಬೀಳುತ್ತಿದ್ದರು. ಅವನು ಚೀಟಿಯನ್ನು ಜೇಬಿಗೆ ಹಾಕಿಕೊಂಡು, ದೀಪ ಆರಿಸದೆ ಮೇಲೆ ಬಂದ.

ಅಕ್ಕ ಆಗಲೇ ಸಿಸ್ಟರ್ ಕೋಣೆಯ ಬಾಗಿಲಲ್ಲಿದ್ದಳು. ಬರುವ ದಾರಿಯಲ್ಲಿ ಅವನು ಮನಸ್ಸಿನಲ್ಲೇ ಎಲ್ಲ ಏರ್ಪಾಡು ಮಾಡಿಕೊಂಡಿದ್ದ: ಪಕ್ಕದಲ್ಲಿ ಕೂರುವುದು, ಅವಳ ಪರವಾಗಿ ಮಾತಾಡುವುದು, ಅವಳು ಅತ್ತರೆ ಬೆನ್ನು ಸವರುವುದು. ತಾನು ಬಂದದ್ದಕ್ಕೆ ಅವಳ ಮುಖ ಅರಳುವುದನ್ನೂ ಕಂಡಿದ್ದ. “ನಡಿ ಅಕ್ಕ, ನಾನೂ ಬರ್ತೀನಿ” ಎಂದ. ಅಕ್ಕ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ಬಸ್ಸಿನಲ್ಲಿ ಪರಿಚಯದವರನ್ನು ನೋಡಿದ ಹಾಗಿತ್ತು.

“ನೀವು ಹೊರಗೆ ಕೂತ್ಕೊಳ್ಳಿ” ಎಂದಳು ಸಿಸ್ಟರ್.

“ನಾನು ಇವಳ ತಮ್ಮ, ಸಿಸ್ಟರ್. ಇಲ್ಲೇ ಕೆಲಸ ಮಾಡೋನು.”

“ಗೊತ್ತು. ನೋಟಿಸ್ ಅಂಟಿಸಿದ್ದು ನೀವೇ ಅಲ್ವಾ.” ಆಮೇಲೆ ಅವಳು ಅಕ್ಕನ ಬಲಗಿವಿಯ ಕಡೆಗೆ ಬಂದು, ದನಿ ತಗ್ಗಿಸಿ ಕೇಳಿದಳು. “ಇವರು ಒಳಗಿರಲಾ, ಬೇಡವಾ? ನೀವು ಹೇಗಂದ್ರೆ ಹಾಗೆ.”

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. ಅವಳಿಗೆ ಏನು ಬೇಕೆಂದು ಒಬ್ಬರು ಕೇಳಿ, ಉತ್ತರಕ್ಕೆ ಕಾದು ನಿಂತದ್ದನ್ನು ಅವನು ಈವರೆಗೆ ನೋಡಿರಲೇ ಇಲ್ಲ. “ಬೇಡ” ಎಂದಳು. ಬಾಗಿಲು ಮುಚ್ಚಿತು. ನೋಟಿಸಿನ ಒಂದು ಮೂಲೆ ಎದ್ದಿತ್ತು, ಅವನು ಅಭ್ಯಾಸಬಲದಿಂದ ಅದನ್ನು ಒತ್ತಿ ಕೂರಿಸಿದ.

ಬೆಂಚು ಅದೇ. ಬಣ್ಣ ಬದಲಾಗಿದ್ದರೂ ನಡುವಿನ ಹಲಗೆಯ ಬಿರುಕು ಹಾಗೇ ಇತ್ತು. ಸಂದರ್ಶನದ ದಿನ ಭಾವ ಕೂತಿದ್ದದ್ದು ಈ ತುದಿಗೆ. ಅಕ್ಕನ ಕಿವಿಗೆ ಒಳಗೆ ಹೊಲಿಗೆ ಹಾಕುತ್ತಿದ್ದಾಗಲೂ ಭಾವ ಕೂತಿದ್ದದ್ದು ಈ ತುದಿಗೇ, ಮೊಣಕಾಲ ಮೇಲೆ ಹೆಲ್ಮೆಟ್ಟು ಇಟ್ಟುಕೊಂಡು, ಹೋಗಿಬರುವವರಿಗೆಲ್ಲ ಕಾಲು ಸರಿಸಿ ದಾರಿ ಬಿಡುತ್ತ. ಮಧ್ಯೆ ಒಂದು ಸಲ ಅವನು ಕೌಂಟರಿನಿಂದ ಎದ್ದು ಬಂದು ಭಾವನಿಗೆ ನೀರಿನ ಬಾಟಲಿ ಕೊಟ್ಟುಹೋಗಿದ್ದ. ಭಾವನಿಗೆ. ಈ ಬಾಟಲಿಯ ನೆನಪು ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ, ಎಲ್ಲಿ ಅಡಗಿ ಕೂತಿತ್ತೋ. ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮನೆಯವನ ಮುಖ. ಎದುರಿನ ಡ್ರೆಸ್ಸಿಂಗ್ ರೂಮಿನ ಪರದೆಯ ಕೆಳಗೆ ಒಬ್ಬ ಹೆಂಗಸಿನ ಬರಿಗಾಲುಗಳು ಕಾಣುತ್ತಿದ್ದವು. ಆ ಮನುಷ್ಯನ ಕಣ್ಣು ಅವುಗಳ ಮೇಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮಾತಿಗೆಳೆದ.

“ಎಷ್ಟು ಹೊತ್ತು ಮಾಡ್ತಾರೆ ನೋಡಿ. ನಮ್ಮವಳು ಬಚ್ಚಲಲ್ಲಿ ಜಾರಿದಳು. ಎಷ್ಟು ಹೇಳಿದರೂ ನೋಡಿಕೊಂಡು ನಡೆಯಲ್ಲ.”

ಅವನು ಬೆಂಚಿನ ಬಿರುಕಿನ ಮೇಲೆ ಬೆರಳಾಡಿಸಿದ.

“ನಿಮ್ಮವರು ಎಲ್ಲಿಂದ ಬಿದ್ದರು?”

ಆ ದನಿಯಲ್ಲಿ ಕಪಟ ಇರಲಿಲ್ಲ. ಒಂದೇ ಆಫೀಸಿನಲ್ಲಿ ಕೆಲಸ ಮಾಡುವವರು ಕೇಳಿಕೊಳ್ಳುವ ಹಾಗೆ, ಒಂದು ಸಲಿಗೆ ಇತ್ತು. ಇವನು ನನ್ನನ್ನು ತನ್ನವನೆಂದುಕೊಂಡಿದ್ದಾನೆ ಎಂದು ಅವನಿಗೆ ತಿಳಿಯಿತು. ಅಲ್ಲವೆನ್ನಲು ಬಾಯಿ ತೆರೆದ. ಅಲ್ಲ ಎಂದು ಹೇಗೆ ಹೇಳುವುದು? ಹೊಡೆದವನು ಭಾವ. ಹೊಡೆದದ್ದನ್ನು ಬೀಳುವಿಕೆ ಮಾಡಿ, ಮುದ್ರೆ ಒತ್ತಿ, ಅಕ್ಕನ ಕೈಗೇ ಕೊಟ್ಟು ಕಳಿಸಿದವನು ತಾನು. ಮುಚ್ಚಿದ ಬಾಗಿಲ ಆಚೆ ಅಕ್ಕನ ದನಿ ಕೇಳಿಸುತ್ತಿತ್ತು, ಮಾತುಗಳಲ್ಲ, ದನಿ ಮಾತ್ರ. ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ನಿಂತಾಗ ಸಿಸ್ಟರ್ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅಕ್ಕ ಒಟ್ಟಿಗೆ ಇಷ್ಟೊಂದು ಮಾತಾಡಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ.

“ಬೀಳಲಿಲ್ಲ” ಎಂದ ಅವನು. ಆ ಮನುಷ್ಯ ಇವನನ್ನು ಒಮ್ಮೆ ನೋಡಿ, ಅರ್ಧ ಗೇಣು ಆಚೆ ಸರಿದು, ಫೋನು ತೆಗೆದು ನೋಡತೊಡಗಿದ. ಅವನು ಎದ್ದು ಹೋಗಿ, ನಿಧಾನದಮ್ಮನ ಕಿಟಕಿಯ ಹಿಂದಿನಿಂದ ಬಗ್ಗಿ, ಡ್ರೆಸ್ಸಿಂಗ್ ರೂಮಿನಲ್ಲಿರೋಳನ್ನು ಒಬ್ಬಳನ್ನೇ ಸಿಸ್ಟರ್ ಹತ್ತಿರ ಕಳಿಸಬೇಕು ಎಂದ. “ಕಳಿಸೋಕೆ ಆಗಲೇ ಹೇಳಿದೀನಪ್ಪ. ಅವಳ ಚೀಟಿ ಮಾಡಿದ್ದು ನಾನು” ಎಂದಳು ನಿಧಾನದಮ್ಮ, ತಲೆ ಎತ್ತದೆ. ಅವನು ವಾಪಸು ಬಂದು ಬೆಂಚಿನ ಅದೇ ತುದಿಗೆ ಕೂತ.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಸಿಸ್ಟರ್ ಕೈಯಲ್ಲಿ ಅಕ್ಕನ ಫೈಲು, ಮೇಲೆ ಚೀಟಿಯ ನಕಲು. “ಈ ಹಳೇ ಚೀಟಿ ಬಗ್ಗೆ ಒಂದು ವಿಷಯ ಗೊತ್ತಾಗಬೇಕು. ಹೇಳಿದವರು ಸ್ವತಃ ಅಂತಿದೆ. ಆವತ್ತು ಹೇಳಿದ್ದು ಯಾರು?”

ಇಷ್ಟು ಹೊತ್ತೂ ಅವನು ಬೆಂಚಿನ ಮೇಲೆ ವಾಕ್ಯಗಳನ್ನು ಜೋಡಿಸಿಕೊಂಡಿದ್ದ. ಸಾಲು ಉದ್ದವಿತ್ತು, ಪಕ್ಕದಲ್ಲಿ ಗಂಡ ನಿಂತಿದ್ದ, ಆಗ ನಮಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಅವನ್ನೆಲ್ಲ ಬಿಟ್ಟ. “ಯಾರೂ ಹೇಳಲಿಲ್ಲ” ಎಂದ. “ಅವಳು ಹೇಳೋಕೆ ಬಂದಿದ್ದಳು. ನಾನು ಬರೆದುಬಿಟ್ಟೆ.” ಜೇಬಿನಿಂದ ಮೂಲ ಚೀಟಿ ತೆಗೆದು ಕೊಟ್ಟ. ಇಸ್ತ್ರಿ ಅಂಗಿಯವನು ಫೋನಿನಿಂದ ತಲೆ ಎತ್ತಿದ್ದ.

“ಇದನ್ನ ಬರೆದು ಸಹಿ ಹಾಕಿಕೊಡ್ತೀರಾ? ಯೋಚನೆ ಮಾಡಿ. ನಿಮ್ಮ ಕೆಲಸಕ್ಕೂ ಕುತ್ತು ಬರಬಹುದು.”

“ಕೊಡ್ತೀನಿ.”

ಸಿಸ್ಟರ್ ಒಳಗಿಂದ ಹಲಗೆಗೆ ಸಿಕ್ಕಿಸಿದ ಒಂದು ಬಿಳಿ ಹಾಳೆ ತಂದುಕೊಟ್ಟಳು. ಅವನು ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡ. ನಿಮಿಷಕ್ಕೆ ಎರಡು ಚೀಟಿ ಮುಗಿಸುವ ಕೈ ಒಂದು ಸಾಲಿಗೆ ಒದ್ದಾಡಿತು. ‘ನಾನು ಕೇಳದೆ ಬರೆದದ್ದು’ ಎಂದು ಬರೆದು ನಿಲ್ಲಿಸಿದ. ಅಷ್ಟೇ ಸಾಕೇ ಎಂದು ಯೋಚಿಸುತ್ತಿದ್ದಾಗ ಅಕ್ಕ ಹೊರಗೆ ಬಂದು ಎದುರಿಗೆ ನಿಂತಳು. ಅತ್ತಿದ್ದಳು, ಮುಖ ತೊಳೆದಿದ್ದಳು. ಹಾಳೆಯ ಮೇಲಿದ್ದದ್ದನ್ನು ನಿಂತಲ್ಲಿಂದಲೇ ಓದಿದಳು.

“ನಮ್ಮನೆಗೆ ಮೆಟ್ಟಿಲೇ ಇಲ್ಲ ಕಣೋ” ಎಂದಳು.

ಅವನು ತಲೆ ಎತ್ತಲಿಲ್ಲ.

“ಹೊಸಿಲಿಗೆ ಒಂದು ಕಲ್ಲೂ ಇಲ್ಲ. ನೀನು ಎಷ್ಟು ಸಲ ಬಂದು ಹೋಗಿದೀಯ. ಆವತ್ತು ಚೀಟಿ ಓದಿದಾಗ ಮೊದಲು ನಗು ಬಂತು ನನಗೆ. ಇವನಿಗೆ ಗೊತ್ತಲ್ಲ ಅಂತ. ಆಮೇಲೆ, ಗೊತ್ತಿದ್ದೂ ಬರೆದ ಅಂದ್ರೆ, ನನಗೇನಾಯ್ತು ಅನ್ನೋದೂ ಗೊತ್ತಾಗಿರಬೇಕು ಅನ್ನಿಸ್ತು.” ಅವಳ ದನಿ ಏರಲಿಲ್ಲ. “ಅವರ ವಕೀಲನಿಗೆ ಹೇಳಿದೆ, ಮೆಟ್ಟಿಲಿಲ್ಲ ಅಂತ. ಬೇರೆ ಯಾರ ಮನೆ ಮೆಟ್ಟಿಲೋ ಇರಬೇಕು, ನೀವೇ ತಾನೆ ಹೇಳಿದ್ದು ಅಂತಾನೆ. ನಾಲ್ಕು ವರ್ಷ ನಾನು ಅಂದುಕೊಂಡಿದ್ದು ಒಂದೇ. ಇವನು ಒಂದು ದಿನ ಬಂದು ಕೇಳ್ತಾನೆ ಅಂತ. ಅವನು ಮನೇಲಿಲ್ಲದಾಗ ಸುಮ್ಮನೆ ಬಂದು, ಅಕ್ಕ ಏನಾಯ್ತು ಅಂತ.”

ಅವನಿಗೆ ಈಗ ಕೇಳಬೇಕೆನ್ನಿಸಿತು. ಆದರೆ ಅವಳು ಅದನ್ನು ಆಗಲೇ ಬೇರೊಬ್ಬರ ಮುಂದೆ ಹೇಳಿ ಮುಗಿಸಿ ಹೊರಗೆ ಬಂದಿದ್ದಳು. ಅವನು ಹಾಳೆಗೆ ಬಗ್ಗಿ, ಏನನ್ನೂ ಮೊಟಕು ಮಾಡದೆ ಬರೆದ: ‘ಆ ಮನೆಗೆ ಮೆಟ್ಟಿಲಿಲ್ಲ. ಅದು ನನಗೆ ಗೊತ್ತಿತ್ತು. ಅಕ್ಕನಿಗೆ ಏನಾಗಿದೆ ಎಂಬುದೂ ಆಗ ನನಗೆ ಗೊತ್ತಾಗಿತ್ತು.’ ಸಹಿ ಹಾಕಿದ. ಕೆಳಗೆ ಇನ್ನೂ ಜಾಗವಿತ್ತು. ‘ಹೇಳಿದವರು: ಸ್ವತಃ’ ಎಂದು ಸೇರಿಸಿದ. ಕಾರಿಡಾರಿನ ಆ ಕಡೆ ಅವನ ಕಿಟಕಿಯ ಮುಂದೆ ‘ಮುಚ್ಚಿದೆ’ ಹಲಗೆಯನ್ನೇ ನೋಡುತ್ತ ಜನ ಸೇರಿದ್ದರು.

ಅಕ್ಕ ಕೈ ಚಾಚಿದಳು. ಅಂಗೈ ಮೇಲಾಗಿ, ಬೆರಳು ಬಿಡಿಸಿಕೊಂಡು. ನಡುವೆ ಗಾಜಿರಲಿಲ್ಲ. ಹೆಬ್ಬೆರಳಿನ ಉಗುರು ಬೆಳೆದಿತ್ತು, ಸ್ವಲ್ಪ ಸೊಟ್ಟಗೆ. ಅವನ ಕೈ ಅದರತ್ತ ಅರ್ಧ ದೂರ ಹೋಗಿ ನಿಂತಿತು, ಯಾವುದಕ್ಕೆ ಚಾಚಿದ್ದಾಳೆಂದು ತಿಳಿಯದೆ. ಅವನು ಈ ಸಲ ಅವಳ ಮುಖ ನೋಡಿದ. ಅವಳ ಕಣ್ಣು ಹಾಳೆಯ ಮೇಲಿತ್ತು. ಈ ಸಲ ಅವಳಿಗೆ ಬೇಕಾಗಿದ್ದದ್ದು ಕಾಗದವೇ.